ನೆಗಡಿ ಇಳಿಯಿತು, ಕಿವಿ ತೆರೆಯಿತೇ?

ಶಾಲೆಯ ಬಾಗಿಲು ತೆರೆಯುವುದೂ ಮುಂಗಾರು ಮಳೆ ಹಿಡಿಯುವುದೂ ನಮ್ಮ ಕಾಸರಗೋಡು ಸೀಮೆಯಲ್ಲಿ ಹೆಚ್ಚುಕಡಿಮೆ ಒಂದೇ ವಾರದಲ್ಲಿ ನಡೆಯುವ ಸಂಗತಿಗಳು. ಜಗಲಿಯುದ್ದಕ್ಕೂ ಒದ್ದೆ ಕೊಡೆಗಳು, ಒಳಗೆ ಒದ್ದೆ ತಲೆಗಳು. ಜೂನ್ ತಿಂಗಳ ನಡುವಿನ ಹೊತ್ತಿಗೆ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಕೆಮ್ಮು ದಾಟಿ ಹೋಗುವುದನ್ನು ಮೇಜಿನ ಹಿಂದೆ ಕುಳಿತೇ ಎಣಿಸಬಹುದು. ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂದು ನೆಗಡಿಯ ಕುರಿತು ನಗುವ ವಾಡಿಕೆ ಎಲ್ಲೆಡೆಯೂ ಇದೆ. ಮೂಗಿನ ಮಟ್ಟಿಗೆ ಆ ಮಾತು ನಿಜವೇ. ಕಿವಿಯ ಮಟ್ಟಿಗೆ ನಿಜವಲ್ಲ ಎಂಬುದನ್ನು ನಾವು ತಿಳಿದದ್ದು ತಡವಾಗಿ, ಅದೂ ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ ಮೇಲೆ.

ಅದು ೨೦೦೪ರ ಮಳೆಗಾಲ. ನಾವು ಆಗ ನಾಲ್ಕನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆವು. ಪ್ರತಿ ಶುಕ್ರವಾರ ಹತ್ತು ಪದಗಳ ಉಕ್ತಲೇಖನ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಬೇಸಿಗೆಗೆ ಮುಂಚೆ ಎಂಟು ಒಂಬತ್ತು ಸರಿ ಬರೆಯುತ್ತಿದ್ದವನು ಜುಲೈ ತಿಂಗಳಲ್ಲಿ ಮೂರಕ್ಕೆ ಇಳಿದ. ‘ಶಾಲೆ’ ಎಂದರೆ ‘ಹಾಲೆ’, ‘ಕಪ್ಪೆ’ ಎಂದರೆ ‘ತಪ್ಪೆ’, ‘ಸೂಜಿ’ ಎಂದರೆ ಬರಿಯ ‘ಊಜಿ’. ಗಡಿನಾಡಿನ ಕನ್ನಡ ಮಾಧ್ಯಮದ ಉಪಾಧ್ಯಾಯರಿಗೆ ಇಂತಹ ತಪ್ಪುಗಳಿಗೆ ಸಿದ್ಧವಾದ ಉತ್ತರವೊಂದಿರುತ್ತದೆ: ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಮಗುವಿಗೆ ಗೊಂದಲವಾಗುತ್ತದೆ. ನಾವೂ ಹಾಗೆಯೇ ಎಣಿಸಿದೆವು. ತುಳು ಮನೆಮಾತಿನ ಮಕ್ಕಳು ಮಹಾಪ್ರಾಣದಲ್ಲಿ ಎಡವುವುದುಂಟು, ಆದರೆ ಈ ಹುಡುಗ ಎಡವುತ್ತಿದ್ದುದು ಮಹಾಪ್ರಾಣದಲ್ಲಲ್ಲ ಎಂಬುದನ್ನು ಗಮನಿಸುವಷ್ಟು ವ್ಯವಧಾನ ನಮಗಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ಒಂದು ದಿನ ಕೇಳಿಸಿಕೊಂಡವನು ಮರುದಿನ ಗೋಡೆಯಂತೆ ಕೂತಿರುತ್ತಿದ್ದ. ಇದು ಉದ್ಧಟತನವೇ ಸರಿ ಎಂದು ಒಂದು ಶುಕ್ರವಾರ ಅವನ ಎಡಗಿವಿಯನ್ನು ಚೆನ್ನಾಗಿ ಹಿಂಡಿದೆವು.

ಮರುದಿನ ಅವನ ತಾಯಿ ಶಾಲೆಗೆ ಬಂದರು. ಜಗಳಕ್ಕಲ್ಲ. “ಮಾಷ್ಟ್ರೇ, ಇವನು ಮನೆಯಲ್ಲಿಯೂ ಹೀಗೇ. ಟೀವಿಯ ಹತ್ತಿರ ಹೋಗಿ ಕೂರುತ್ತಾನೆ, ಊಟಕ್ಕೆ ಕರೆದರೆ ತಿರುಗಿ ನೋಡುವುದಿಲ್ಲ. ಬೇಕೆಂದೇ ಮಾಡುತ್ತಾನೆ ಅಂತ ಇವನ ಅಪ್ಪ ಹೇಳ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಶಾಲೆ ಶುರುವಾದಾಗ ಒಂದು ಶೀತ ಆಗಿತ್ತು, ಆಮೇಲೇ ಹೀಗಾದದ್ದು” ಎಂದರು. ಮಂಗಳೂರಿನ ಕಿವಿ-ಮೂಗು-ಗಂಟಲು ವೈದ್ಯರು ಪರೀಕ್ಷಿಸಿದಾಗ ಎರಡೂ ಕಿವಿಗಳ ತಮಟೆಯ ಹಿಂದೆ ಅಂಟುನೀರು ನಿಂತಿರುವುದು ತಿಳಿಯಿತು. ಕೇಳದ ಕಿವಿಯನ್ನು, ಕೇಳಲಿಲ್ಲವೆಂಬ ತಪ್ಪಿಗೆ ನಾವು ಹಿಂಡಿದ್ದೆವು. ಅಧ್ಯಾಪಕ ತರಬೇತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಎಷ್ಟೋ ಪುಟ ಓದಿದ್ದೆವು, ಮಗುವಿನ ಕಿವಿಯ ಬಗ್ಗೆ ಓದಿದ್ದು ನೆನಪಿಲ್ಲ.

ಮೂಗಿನಿಂದ ಕಿವಿಗೊಂದು ಓಣಿ

ಶೀತವಾದದ್ದು ಮೂಗಿಗೆ, ಕಿವಿಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಮಡಿಕೇರಿಗೆ ಬಸ್ಸಿನಲ್ಲಿ ಘಟ್ಟ ಹತ್ತಿದವರಿಗೆಲ್ಲ ಆ ಸಂಬಂಧದ ಅನುಭವವಿದೆ. ಅರ್ಧ ದಾರಿಯಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ, ಆಕಳಿಸಿದರೆ ಅಥವಾ ಉಗುಳು ನುಂಗಿದರೆ ‘ಟಪ್’ ಎಂದು ಬಿಡುತ್ತದೆ. ಮೂಗಿನ ಹಿಂಭಾಗದಿಂದ ಕಿವಿತಮಟೆಯ ಒಳಬದಿಯ ಕೋಣೆಗೆ ಒಂದು ಕಿರಿದಾದ ಓಣಿಯಿದೆ. ಹದಿನಾರನೆಯ ಶತಮಾನದ ಇಟೆಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರಿನಿಂದ ಅದನ್ನು ಯುಸ್ಟೇಚಿಯನ್ ನಾಳ ಎನ್ನುತ್ತಾರೆ. ಪ್ರಾಯದವರಲ್ಲಿ ಅದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಸಾಮಾನ್ಯವಾಗಿ ಮುಚ್ಚಿಕೊಂಡೇ ಇದ್ದು, ನಾವು ನುಂಗಿದಾಗ ಆಕಳಿಸಿದಾಗ ಕ್ಷಣಕಾಲ ತೆರೆದು, ತಮಟೆಯ ಒಳಗಿನ ಗಾಳಿಯನ್ನೂ ಹೊರಗಿನ ಗಾಳಿಯನ್ನೂ ಸಮದಲ್ಲಿಡುವುದು ಅದರ ಕೆಲಸ. ಚಿಕ್ಕ ಮಕ್ಕಳಲ್ಲಿ ಈ ಓಣಿ ಗಿಡ್ಡ, ಮತ್ತು ಇಳಿಜಾರಿಲ್ಲದೆ ಹೆಚ್ಚುಕಡಿಮೆ ಮಟ್ಟಸ. ಮೂಗಿನ ಹಿಂದೆ ಅದರ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಎಂಬ ಗಂಟೊಂದು ಇರುತ್ತದೆ. ಅದು ಊದಿಕೊಂಡರೆ ಓಣಿಯ ಬಾಯಿಯೇ ಕಟ್ಟುತ್ತದೆ.

ನೆಗಡಿಯ ವೈರಾಣು ಮೂಗಿನ ಒಳಪೊರೆಯನ್ನು ಊದಿಸುವಂತೆಯೇ ಈ ಓಣಿಯ ಪೊರೆಯನ್ನೂ ಊದಿಸುತ್ತದೆ. ದಾರಿ ಮುಚ್ಚಿತೆಂದರೆ ಒಳಕೋಣೆಯ ಗಾಳಿಯನ್ನು ಸುತ್ತಲಿನ ಪೊರೆ ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಗಾಳಿಯಿದ್ದ ಜಾಗದಲ್ಲಿ ನೀರು ಒಸರಿ, ದಿನ ಕಳೆದಂತೆ ಗಂಜಿಯ ತಿಳಿಯಂತಿದ್ದುದು ಅಂಟಿನಷ್ಟು ದಪ್ಪವಾಗುತ್ತದೆ. ಆ ಕೋಣೆಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಆಕಾರಗಳ ಮೂರು ಎಲುಬುಗಳಿವೆ. ರಿಕಾಪಿನ ಉದ್ದ ಸುಮಾರು ಮೂರು ಮಿಲಿಮೀಟರ್, ನಮ್ಮ ದೇಹದಲ್ಲೇ ಅತ್ಯಂತ ಚಿಕ್ಕ ಎಲುಬು ಅದು. ಗಾಳಿಯಲ್ಲಿ ಕುಣಿಯಬೇಕಾದ ಈ ಎಲುಬುಗಳು ಅಂಟಿನಲ್ಲಿ ಹೂತರೆ ಕುಣಿಯುವುದೆಂತು?

ಇದರಿಂದ ಮಗು ಪೂರ್ತಿ ಕಿವುಡಾಗುವುದಿಲ್ಲ. ಇಪ್ಪತ್ತರಿಂದ ಮೂವತ್ತು ಡೆಸಿಬಲ್‌ನಷ್ಟು ಕೇಳ್ಮೆ ತಗ್ಗುತ್ತದೆ. ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಪಾಠ ಕೇಳಿದಂತೆ ಎಂದರೆ ಅದರ ಅಂದಾಜು ಸಿಕ್ಕೀತು. ವಾಚಕರು ಒಮ್ಮೆ ಹಾಗೆ ಮಾಡಿ ನೋಡಬೇಕು. ಮಾತಿನ ಗುನುಗು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಏಕೆಂದರೆ ಮಾತಿನಲ್ಲಿ ಗಟ್ಟಿಯಾದ ಭಾಗವೆಂದರೆ ಸ್ವರ. ಸಕಾರ, ಶಕಾರ, ಕಕಾರ, ತಕಾರ, ಪಕಾರಗಳಂತಹ ವ್ಯಂಜನಗಳು ಬಹಳ ಮೆಲುದನಿಯವು. ‘ಸೂಜಿ’ಯಲ್ಲಿ ಸಕಾರ ಬಿದ್ದುಹೋದರೆ ಉಳಿಯುವುದು ‘ಊಜಿ’. ಹುಡುಗನು ತನಗೆ ಕೇಳಿದ್ದನ್ನು ಅಕ್ಷರಶಃ ಪ್ರಾಮಾಣಿಕವಾಗಿ ಬರೆದಿದ್ದ.

ನೋವಿಲ್ಲದ ಕಾರಣ ಇದು ಯಾರ ಗಮನಕ್ಕೂ ಬರುವುದಿಲ್ಲ. ಜ್ವರ, ಕಿವಿನೋವು, ಕೀವು ಇದ್ದರೆ ತಾಯಂದಿರು ರಾತ್ರಿಯೇ ವೈದ್ಯರ ಬಳಿಗೆ ಓಡುತ್ತಾರೆ. ಅದು ಸೋಂಕಿನ ಇನ್ನೊಂದು ಬಗೆ, ಅದಕ್ಕೆ ಬೇರೆ ಚಿಕಿತ್ಸೆಯಿದೆ. ಅಂಟುನೀರು ಮಾತ್ರ ಸದ್ದಿಲ್ಲದೆ ಕೂತಿರುತ್ತದೆ, ಒಂದು ದಿನ ಕೊಂಚ ಇಳಿಯುತ್ತದೆ, ಮರುದಿನ ಏರುತ್ತದೆ. ನಿನ್ನೆ ಕೇಳಿದ ಮಗು ಇಂದು ಕೇಳದಿರುವುದು ಈ ಏರಿಳಿತದಿಂದ. ಕೆಲವು ಮಕ್ಕಳು ಕುಂಟಾಬಿಲ್ಲೆಯಲ್ಲಿ ಮೊದಲಿಗಿಂತ ಹೆಚ್ಚು ಮುಗ್ಗರಿಸುವುದೂ ಉಂಟು, ಏಕೆಂದರೆ ಸಮತೋಲದ ಅಂಗವು ಅದೇ ಕೋಣೆಯ ಗೋಡೆಯಾಚೆಗಿದೆ.

ಸಂತೋಷದ ಸಂಗತಿಯೆಂದರೆ ಹೆಚ್ಚಿನ ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ತಾನಾಗಿ ಆರುತ್ತದೆ. ಅದಕ್ಕೆ ಆಂಟಿಬಯೋಟಿಕ್ ಗುಳಿಗೆಗಳಿಂದಾಗಲಿ ನೆಗಡಿಯ ಸಿರಪ್ಪಿನಿಂದಾಗಲಿ ಪ್ರಯೋಜನವಿಲ್ಲವೆಂಬುದು ಈಗ ಸಿದ್ಧವಾಗಿದೆ. ಔಷಧದಂಗಡಿಯಿಂದ ಹಳೆಯ ಚೀಟಿ ತೋರಿಸಿ ತರುವ ಅಭ್ಯಾಸವನ್ನು ಬಿಡುವುದೇ ಲೇಸು. ಮೂರು ತಿಂಗಳ ಮೇಲೂ ಎರಡೂ ಕಿವಿಗಳಲ್ಲಿ ನೀರು ನಿಂತು ಮಗುವಿನ ಮಾತು-ಪಾಠಗಳಿಗೆ ಅಡ್ಡಿಯಾದರೆ ತಮಟೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ಕೊಳವೆಯಿಡುವ ಉಪಾಯವಿದೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯೊಳಗೆ ಬೀಡಿ ಸಿಗರೇಟು ಸೇದುವವರಿದ್ದರೆ ಮಕ್ಕಳಲ್ಲಿ ಈ ತೊಂದರೆ ಹೆಚ್ಚು ಎಂಬುದನ್ನು ತಂದೆಯಂದಿರು ದಯಮಾಡಿ ಗಮನಿಸಬೇಕು. ನಮ್ಮ ಹುಡುಗನಿಗೆ ಮಾಡಿದ ಚಿಕಿತ್ಸೆ ಎಂದರೆ ಮುಂದಿನ ಬೆಂಚು ಮತ್ತು ಕಾಯುವಿಕೆ. ನವರಾತ್ರಿಯ ರಜೆ ಮುಗಿದು ಬಂದಾಗ ‘ಸೂಜಿ’ ಸೂಜಿಯಾಗಿತ್ತು.

ಕಾಯಬಾರದ ಕಿವಿ

ಮೇಲೆ ಹೇಳಿದ್ದು ಕಾಯಬಹುದಾದ ಕಿವಿಯ ಕಥೆ. ಇನ್ನು ಹೇಳುವುದು ಒಂದು ವಾರವೂ ಕಾಯಬಾರದ ಕಿವಿಯದು. ಈ ಲೇಖನವನ್ನು ಬರೆಯಲು ಕುಳಿತದ್ದು ಮುಖ್ಯವಾಗಿ ಇದಕ್ಕಾಗಿ.

ನಮ್ಮ ನೆರೆಮನೆಯವರು ಅಡಿಕೆ ಕೃಷಿಕರು, ಯಕ್ಷಗಾನದ ಮೇಲೆ ಅಪಾರ ಪ್ರೀತಿಯುಳ್ಳವರು. ೨೦೧೬ರ ಆಟಿ ತಿಂಗಳಿನಲ್ಲಿ ಅವರಿಗೆ ಎಂದಿನಂತೆ ಒಂದು ನೆಗಡಿ ಬಂದಿತು, ಇಳಿಯಿತು. ಒಂದು ಬೆಳಿಗ್ಗೆ ಎದ್ದಾಗ ಬಲಗಿವಿ ಮುಚ್ಚಿದಂತಿತ್ತು, ಒಳಗೆ ಜೀರುಂಡೆ ಕೂತಂತೆ ಒಂದೇ ಸಮನೆ ಸದ್ದು. ಫೋನನ್ನು ಆ ಕಿವಿಗೆ ಹಿಡಿದರೆ ಏನೂ ಇಲ್ಲ. ಕಫ ಕಟ್ಟಿದೆ ಎಂದರು ಮನೆಯವರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಬಿಟ್ಟರು. ಗುಗ್ಗೆಯಿರಬಹುದೆಂದು ಕಡ್ಡಿ ಹಾಕಿದರು. ಅಡಿಕೆಗೆ ಮದ್ದು ಬಿಡುವ ಕಾಲ, ಮಳೆ ಬಿಡುವು ಕೊಟ್ಟ ದಿನ ತೋಟ ಬಿಟ್ಟು ಹೋಗುವಂತಿರಲಿಲ್ಲ. ಹೀಗೆ ದೀಪಾವಳಿ ಬಂದಿತು. ಮಂಗಳೂರಿನಲ್ಲಿ ಶ್ರವಣ ಪರೀಕ್ಷೆ ಮಾಡಿದ ವೈದ್ಯರು, “ಬಂದ ವಾರದಲ್ಲೇ ಬಂದಿದ್ದರೆ ಪ್ರಯತ್ನಿಸಿ ನೋಡಬಹುದಿತ್ತು” ಎಂದಷ್ಟೇ ಹೇಳಿದರಂತೆ.

ಅವರ ಕಿವಿಯಲ್ಲಿ ಕಟ್ಟಿದ್ದು ಕಫವಲ್ಲ. ಕೆಟ್ಟದ್ದು ಒಳಕಿವಿ. ಎಲುಬುಗಳ ಕೋಣೆಯ ಆಚೆ, ತಲೆಬುರುಡೆಯ ಅತ್ಯಂತ ಗಟ್ಟಿಯಾದ ಎಲುಬಿನೊಳಗೆ, ಬಸವನಹುಳದ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ನಾಳವಿದೆ. ಅದರೊಳಗೆ ದ್ರವ, ದ್ರವದಲ್ಲಿ ಸಾಲಾಗಿ ನಿಂತ ಸುಮಾರು ಹದಿನೈದು ಸಾವಿರ ರೋಮಕೋಶಗಳು. ಶಬ್ದದ ಅಲೆ ಈ ರೋಮಗಳನ್ನು ಬಾಗಿಸಿದಾಗ ನರಕ್ಕೆ ಸುದ್ದಿ ಹೋಗುತ್ತದೆ. ಗಾಯವಾದ ಚರ್ಮ ಮತ್ತೆ ಬೆಳೆಯುವಂತೆ ಮನುಷ್ಯನ ಈ ಕೋಶಗಳು ಬೆಳೆಯುವುದಿಲ್ಲ. ಹುಟ್ಟುವಾಗ ತಂದದ್ದೇ ಕೊನೆಯತನಕ. ಒಂದೆರಡು ದಿನಗಳಲ್ಲಿ, ಹೆಚ್ಚೆಂದರೆ ಮೂರು ದಿನಗಳೊಳಗೆ, ಒಂದು ಕಿವಿಯ ಕೇಳ್ಮೆ ಹೀಗೆ ಕುಸಿದುಬೀಳುವುದನ್ನು ವೈದ್ಯರು ಹಠಾತ್ ಶ್ರವಣನಷ್ಟ ಎನ್ನುತ್ತಾರೆ. ಹೆಚ್ಚಿನವರಲ್ಲಿ ಕಾರಣ ಖಚಿತವಾಗಿ ಸಿಕ್ಕುವುದಿಲ್ಲ. ವೈರಾಣುವಿನ ಮೇಲೆ ಬಲವಾದ ಸಂಶಯವಿದೆ. ಒಳಕಿವಿಯ ರಕ್ತಸಂಚಾರಕ್ಕೆ ಅಡ್ಡಿ, ಅಪರೂಪಕ್ಕೆ ನರದ ಮೇಲಿನ ಗಡ್ಡೆ ಮುಂತಾದ ಬೇರೆ ಕಾರಣಗಳೂ ಇರಬಲ್ಲವಾದ್ದರಿಂದ ತಪಾಸಣೆ ಆಗಲೇಬೇಕು. ಚಿಕಿತ್ಸೆಯೆಂದರೆ ಸ್ಟೀರಾಯ್ಡ್ ಔಷಧಗಳು. ಮೊದಲ ದಿನಗಳಲ್ಲೇ, ತಪ್ಪಿದರೆ ಮೊದಲ ಎರಡು ವಾರಗಳೊಳಗೆ, ಆರಂಭಿಸಿದರೆ ಮಾತ್ರ ಹೆಚ್ಚಿನ ಆಸೆ ಇಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಔಷಧವಿಲ್ಲದೆಯೂ ಕೆಲವರಿಗೆ ಕೇಳ್ಮೆ ಮರಳುವುದುಂಟು, ಆ ಕೆಲವರ ಕಥೆಯನ್ನು ಕೇಳಿಯೇ ಉಳಿದವರು ಮನೆಯಲ್ಲಿ ಕೂತುಬಿಡುತ್ತಾರೆ.

ಕಫದಿಂದ ಕಟ್ಟಿದ ಕಿವಿಗೂ ಒಳಗೆ ಕೆಟ್ಟ ಕಿವಿಗೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೂ ಒಂದು ಸುಳಿವಿದೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗಿ, ಆ ನಾದ ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆಂದು ಗಮನಿಸಿ. ಒಂದು ಕಿವಿಗೆ ಬೆರಳಿಟ್ಟು ಗುನುಗಿದರೆ ನಾದ ಬೆರಳಿಟ್ಟ ಕಡೆಗೇ ಓಡುತ್ತದೆ, ಇದನ್ನು ಯಾರೂ ಪರೀಕ್ಷಿಸಬಹುದು. ಕಫ ಅಥವಾ ಗುಗ್ಗೆಯಿಂದ ಕಟ್ಟಿದ ಕಿವಿಯೂ ಹಾಗೆಯೇ, ಗುನುಗು ಕಟ್ಟಿದ ಕಡೆಗೇ ಜೋರು. ಆದರೆ ಒಳಕಿವಿ ಕೆಟ್ಟಿದ್ದರೆ ಗುನುಗು ಒಳ್ಳೆಯ ಕಿವಿಯ ಕಡೆಗೆ ಹೋಗುತ್ತದೆ. ನಮ್ಮ ಶಾಲೆಗಳ ವಿಜ್ಞಾನದ ಕಪಾಟಿನಲ್ಲಿ ಧೂಳು ಹಿಡಿದಿರುವ ಶ್ರುತಿಕವೆಯನ್ನು ಹಣೆಯ ಮೇಲಿಟ್ಟು ವೈದ್ಯರು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಇದು ಸುಳಿವು ಮಾತ್ರ, ತೀರ್ಪಲ್ಲ. ಗುನುಗು ಯಾವ ಕಡೆಗೇ ಹೋಗಲಿ, ಕೇಳ್ಮೆ ಥಟ್ಟನೆ ಇಳಿದವರು ಅಂದೇ ಅಥವಾ ಮರುದಿನವೇ ಕಿವಿ ವೈದ್ಯರನ್ನು ಕಾಣತಕ್ಕದ್ದು.

ಒಂದು ಕಿವಿ ಹೋದರೇನು, ಇನ್ನೊಂದಿದೆಯಲ್ಲ ಎಂದು ಹಗುರಾಗಿ ಹೇಳುವವರು ನಮ್ಮ ನೆರೆಯವರನ್ನು ನೋಡಬೇಕು. ಶಬ್ದ ಯಾವ ಕಡೆಯಿಂದ ಬಂತೆಂಬುದನ್ನು ಎರಡು ಕಿವಿಗಳು ಕೂಡಿ ಲೆಕ್ಕ ಹಾಕುತ್ತವೆ. ಈಗ ಅವರಿಗೆ ತೋಟದಲ್ಲಿ ಸೋಗೆ ಬಿದ್ದ ಸದ್ದು ಕೇಳುತ್ತದೆ, ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ. ರಸ್ತೆ ದಾಟುವಾಗ ಮೊಮ್ಮಗಳು ಬಲಬದಿಗೆ ನಿಲ್ಲುತ್ತಾಳೆ. ಆಟ ನೋಡಲು ಹೋದರೆ ಎಡಗಿವಿ ಭಾಗವತರ ಕಡೆಗಿರುವಂತೆ ಜಾಗ ಹುಡುಕಬೇಕು, ಹಾಗೆ ಕೂತರೂ ಚೆಂಡೆ ಏರಿದಾಗ ಪದ್ಯದ ಸಾಹಿತ್ಯ ಕೈತಪ್ಪುತ್ತದೆ.

ಮನೆ ತಿರುಗಿದಾಗ

ಕೇಳುವ ಅಂಗದ ಪಕ್ಕದಲ್ಲೇ, ಅದೇ ದ್ರವವನ್ನು ಹಂಚಿಕೊಂಡು, ಸಮತೋಲದ ಅಂಗವಿದೆ. ಮೇಸ್ತ್ರಿಗಳ ರಸಮಟ್ಟವನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರತಿ ಕಿವಿಯಲ್ಲೂ ಮೂರು ಬಾಗಿದ ನಾಳಗಳು, ಒಂದಕ್ಕೊಂದು ಲಂಬವಾಗಿ ನಿಂತ ಮೂರು ರಸಮಟ್ಟಗಳು. ತಲೆ ಯಾವ ದಿಕ್ಕಿಗೆ ತಿರುಗಿದರೂ ಒಂದಲ್ಲ ಒಂದರ ದ್ರವ ಅಲುಗಿ ಮಿದುಳಿಗೆ ತಿಳಿಸುತ್ತದೆ. ಎಡ-ಬಲಗಳೆರಡೂ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಸಮನಾಗಿ ಎಳೆಯುತ್ತಿದ್ದರೆ ನಾವು ನೆಟ್ಟಗಿರುತ್ತೇವೆ. ಒಂದು ಎತ್ತು ಥಟ್ಟನೆ ನಿಂತರೆ ಗಾಡಿ ಸುತ್ತು ಹೊಡೆಯುತ್ತದೆ.

ನಮ್ಮ ಅತ್ತಿಗೆಯವರಿಗೆ ಆದದ್ದು ಹಾಗೆಯೇ. ವಾರದ ಹಿಂದೆ ಗಂಟಲುಕೆರೆತ, ಸ್ವಲ್ಪ ಮೈಬಿಸಿ. ಒಂದು ನಸುಕಿನಲ್ಲಿ ಕಣ್ಣು ತೆರೆದರೆ ಮಾಡಿನ ಪಕ್ಕಾಸುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿದ್ದವಂತೆ. ಎದ್ದರೆ ವಾಂತಿ, ಮಲಗಿದರೆ ವಾಂತಿ. ಪಿತ್ತ ಏರಿದೆ ಎಂದು ಪುನರ್ಪುಳಿ ಕುಡಿಸಿದರು. ದೃಷ್ಟಿ ತೆಗೆದರು. ಅವರ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ಒಂದು ಬದಿಗೆ ಜಾರಿ ಮತ್ತೆ ಹಿಂದಕ್ಕೆ ಚಿಮ್ಮುತ್ತಿದ್ದುದನ್ನು ಕಂಡು ಮನೆಯ ಹೆಂಗಸರು ಬೆದರಿದರು. ಅದು ಭೂತಚೇಷ್ಟೆಯೂ ಅಲ್ಲ, ಪಿತ್ತವೂ ಅಲ್ಲ. ಸಮತೋಲದ ನರಕ್ಕೆ ಉರಿಯೂತ ಬಂದಿತ್ತು. ಶ್ವಾಸನಾಳದ ಮೇಲ್ಭಾಗದ ವೈರಾಣು ಸೋಂಕಿನ ಬೆನ್ನಿಗೆ ಹಲವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕೇಳ್ಮೆ ಸರಿಯಿದ್ದು ತಲೆ ಮಾತ್ರ ಸುತ್ತಿದರೆ ನರದ ಉರಿಯೂತವೆಂದೂ, ಜೊತೆಗೆ ಕೇಳ್ಮೆಯೂ ಇಳಿದರೆ ಒಳಕಿವಿಯದೇ ಉರಿಯೂತವೆಂದೂ ವೈದ್ಯರು ಬೇರ್ಪಡಿಸುತ್ತಾರೆ. ಎರಡನೆಯದಾದರೆ ಮೇಲೆ ಹೇಳಿದ ಅವಸರ ಅಲ್ಲಿಯೂ ಬೇಕು.

ಕಣ್ಣಿನ ಓಟಕ್ಕೂ ಕಿವಿಗೂ ಇರುವ ನಂಟನ್ನು ಸ್ಪಷ್ಟಪಡಿಸಿದವರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ಕಿವಿ ತೊಳೆಯುವ ನೀರು ತಣ್ಣಗಾದರೆ ರೋಗಿಗೆ ತಲೆ ಸುತ್ತಿ ಕಣ್ಣು ಒಂದು ಕಡೆಗೆ ಚಿಮ್ಮುವುದನ್ನೂ, ಬಿಸಿಯಾದರೆ ಅದೇ ಕಣ್ಣು ವಿರುದ್ಧ ದಿಕ್ಕಿಗೆ ಚಿಮ್ಮುವುದನ್ನೂ ಅವರು ಗಮನಿಸಿದರು. ನೀರು ಕಾದಾಗ ಮೇಲೇರುವಂತೆ, ತಣಿದಾಗ ಕೆಳಗಿಳಿಯುವಂತೆ ನಾಳದ ದ್ರವವೂ ಚಲಿಸುತ್ತದೆಂದು ತರ್ಕಿಸಿ ಒಂದು ಪರೀಕ್ಷೆಯನ್ನೇ ಕಟ್ಟಿದರು. ೧೯೧೪ನೆಯ ಸಾಲಿನ ನೊಬೆಲ್ ಪ್ರಶಸ್ತಿ ಅವರಿಗೆ ದೊರೆತಾಗ ಅವರು ಮೊದಲನೆಯ ಮಹಾಯುದ್ಧದಲ್ಲಿ ರಷ್ಯನ್ನರ ಸೆರೆಯಾಳಾಗಿದ್ದರು. ಅವರು ಕಟ್ಟಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ನಮ್ಮ ಮನೆಗಳಲ್ಲಿ ತೀರಾ ತಣ್ಣನೆಯ ಅಥವಾ ಬಿಸಿಯಾದ ಹನಿಗಳನ್ನು ಕಿವಿಗೆ ಬಿಟ್ಟಾಗ ತಲೆ ಸುತ್ತುವುದೂ ಇದೇ ಕಾರಣಕ್ಕೆ.

ಅತ್ತಿಗೆಯವರಿಗೆ ಮೊದಲ ಎರಡು ಮೂರು ದಿನ ನರಕ. ವಾಂತಿ ನಿಲ್ಲುವ ಗುಳಿಗೆಗಳನ್ನು ವೈದ್ಯರು ಆ ದಿನಗಳಿಗೆ ಮಾತ್ರ ಕೊಟ್ಟು, ಆಮೇಲೆ ನಿಲ್ಲಿಸಿ, ಎದ್ದು ನಡೆಯಿರಿ ಎಂದರು. ತಲೆಸುತ್ತುವವರಿಗೆ ನಡೆಯಿರಿ ಎನ್ನುವುದೇ ಎಂದು ಮನೆಯವರಿಗೆ ಸಿಟ್ಟು ಬಂದಿತ್ತು. ಆದರೆ ವಿಷಯ ಹಾಗಲ್ಲ. ನಿಂತ ಎತ್ತು ಪೂರ್ತಿ ಏಳದಿದ್ದರೂ ಉಳಿದ ಎತ್ತಿನಿಂದಲೇ ಗಾಡಿಯನ್ನು ನೇರ ಓಡಿಸಲು ಮಿದುಳು ಕಲಿಯಬಲ್ಲದು. ಕಲಿಯಬೇಕಾದರೆ ತಲೆ ಆಡಬೇಕು, ಕಣ್ಣು ನೆಡಬೇಕು, ಕಾಲು ನಡೆಯಬೇಕು. ತಿಂಗಳುಗಟ್ಟಲೆ ಗುಳಿಗೆ ನುಂಗಿ ಮಲಗಿದರೆ ಕಲಿಕೆ ನಿಧಾನವಾಗುತ್ತದೆ. ಅತ್ತಿಗೆಯವರು ತುಳಸಿಕಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ದಿನಕ್ಕೆ ಮೂರು ಸುತ್ತು, ಐದು ಸುತ್ತು ಎಂದು ಏರಿಸುತ್ತ ಹೋದರು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಅದರ ಮೇಲೆ ದೃಷ್ಟಿಯಿಟ್ಟು ತಲೆಯನ್ನು ಮಾತ್ರ ಆಚೀಚೆ ತಿರುಗಿಸುವುದನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ಆರು ವಾರಗಳಲ್ಲಿ ಬಾವಿಯಿಂದ ನೀರು ಸೇದುವಂತಾದರು. ಅದಾಗಿ ಕೆಲವು ತಿಂಗಳಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರ್ಧ ನಿಮಿಷ ಸುತ್ತುವುದು ಶುರುವಾಯಿತು. ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ನಾಳಕ್ಕೆ ಬೀಳುವುದರಿಂದ ಹಾಗಾಗುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ಮರಳಿ ಕೂರಿಸಲು ವೈದ್ಯರಿಗೆ ಕೆಲವೇ ನಿಮಿಷ ಸಾಕಾಯಿತು.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಓರೆಯಾದರೆ, ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಆಧಾರವಿಲ್ಲದೆ ಕೂರಲೂ ಆಗದಿದ್ದರೆ ಅದು ಕಿವಿಯದಲ್ಲ, ಮಿದುಳಿನ ರಕ್ತನಾಳದ್ದಾಗಿರಬಹುದು. ಆಗ ಪುನರ್ಪುಳಿಗೂ ಸಮಯವಿಲ್ಲ, ಬೆಳಗಾಗಲಿ ಎನ್ನುವುದಕ್ಕೂ ಸಮಯವಿಲ್ಲ.

ಎರಡು ಭಾಷೆಯ ಒಂದು ರೋಗ

ಕೆಮ್ಮು ಸೀನುಗಳ ಹನಿಯಿಂದ ಹರಡಿ ಕಿವಿಯನ್ನು ಕೆಡಿಸುವ ಇನ್ನೊಂದು ವೈರಾಣು ಮಂಗನಬಾವಿನದು. ನಮ್ಮ ಹಳಬರು ಅದನ್ನು ಕೆಪ್ಪಟರಾಯ ಎನ್ನುತ್ತಾರೆ. ೨೦೨೪ರ ಆರಂಭದಲ್ಲಿ ಕೇರಳದಲ್ಲಿ ಸಾವಿರಾರು ಮಕ್ಕಳಿಗೆ ಅದು ಬಂದಾಗ ಆರೋಗ್ಯ ಇಲಾಖೆಯ ಸೂಚನೆಗಳಲ್ಲಿ ಇದ್ದ ಹೆಸರು ‘ಮುಂಡಿನೀರು’. ಮಲಯಾಳ ಓದಲು ಬಾರದ ನಮ್ಮ ಎಷ್ಟೋ ತಾಯಂದಿರಿಗೆ ಮುಂಡಿನೀರು ಎಂದರೆ ತಮ್ಮ ಮಗುವಿನ ಗದ್ದದ ಬಾವೇ ಎಂದು ತಿಳಿದಿರಲಿಲ್ಲ. ಶಾಲೆಯ ಫಲಕದಲ್ಲಿ ನಾವು ಎರಡು ಹೆಸರುಗಳನ್ನೂ ಕನ್ನಡದಲ್ಲಿ ಬರೆದು ಹಾಕಬೇಕಾಯಿತು. ಈ ರೋಗದಲ್ಲಿ ಕಿವುಡು ಬರುವುದು ಅಪರೂಪ, ಬಂದರೆ ಸಾಮಾನ್ಯವಾಗಿ ಒಂದೇ ಕಿವಿಗೆ, ಮತ್ತು ಹೆಚ್ಚಾಗಿ ಶಾಶ್ವತ. ಒಂದು ಕಿವಿಯಾದ್ದರಿಂದ ಮಗು ಹೇಳುವುದಿಲ್ಲ, ವರ್ಷಗಳ ಬಳಿಕ ಫೋನು ಹಿಡಿದಾಗಲೇ ಗೊತ್ತಾಗುವುದು. ದಡಾರವು ಮಧ್ಯಕಿವಿಯಲ್ಲಿ ಕೀವು ತರಬಲ್ಲದು. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಕೂಸು ಕಿವುಡಾಗಬಹುದು. ಈ ಎರಡಕ್ಕೂ ಸರ್ಕಾರದ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಉಚಿತವಾಗಿ ದೊರೆಯುತ್ತದೆ. ಮಂಗನಬಾವನ್ನೂ ಸೇರಿಸಿದ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ ತಿಳಿಯಬೇಕು.

ಕೋವಿಡ್ ಕಾಲದ್ದನ್ನೂ ಇಲ್ಲಿ ಹೇಳಬೇಕು. ಆ ರೋಗದ ಬಳಿಕ ಕಿವಿಯಲ್ಲಿ ಸದ್ದು, ತಲೆಸುತ್ತು, ಅಪರೂಪಕ್ಕೆ ಹಠಾತ್ ಕಿವುಡು ಕಂಡುಬಂದ ವರದಿಗಳು ಹಲವು ದೇಶಗಳಿಂದ ಬಂದಿವೆ. ೨೦೨೦ರ ಮಾರ್ಚಿ ತಿಂಗಳ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮಗೆ ‘ಕೂಡಲೇ ವೈದ್ಯರನ್ನು ಕಾಣಿರಿ’ ಎಂಬ ಮಾತಿನ ಬೆಲೆ ಅರ್ಥವಾಯಿತು. ೨೦೨೧ರ ನವೆಂಬರ್ ೧ರಂದು ಶಾಲೆಗಳು ಮರಳಿ ತೆರೆದಾಗ ಮಾಸ್ಕು ಇನ್ನೊಂದನ್ನು ಕಲಿಸಿತು. ನಮ್ಮ ಬಾಯಿ ಮುಚ್ಚಿದ ಕೂಡಲೇ ಎರಡು ಮೂರು ಮಕ್ಕಳಿಗೆ ಪಾಠವೇ ತಿಳಿಯದಾಯಿತು. ಅವರು ಅಷ್ಟು ಕಾಲ ಕಿವಿಯಿಂದಲ್ಲ, ನಮ್ಮ ತುಟಿಗಳಿಂದ ಪಾಠ ಕೇಳುತ್ತಿದ್ದರು.

ಮನೆಯ ಮಟ್ಟಿಗೆ ಬಿಡಬೇಕಾದ ಕೆಲವು ಅಭ್ಯಾಸಗಳಿವೆ. ಕಿವಿಗೆ ಎಣ್ಣೆ, ಸೊಪ್ಪಿನ ರಸ ಬಿಡುವುದು ತಮಟೆಯಲ್ಲಿ ತೂತಿದ್ದರೆ ಅಪಾಯ, ತೂತಿಲ್ಲದಿದ್ದರೆ ವ್ಯರ್ಥ, ಏಕೆಂದರೆ ನೀರು ನಿಂತಿರುವುದು ತಮಟೆಯ ಆಚೆ. ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಮೂಗು ಸೀಟಿದರೆ ಸಿಂಬಳ ಓಣಿಯ ಮೂಲಕ ಕಿವಿಗೇ ನುಗ್ಗಬಹುದು, ಒಂದೊಂದೇ ಹೊಳ್ಳೆಯಿಂದ ಮೆಲ್ಲನೆ ಸೀಟಲು ಮಕ್ಕಳಿಗೆ ಕಲಿಸಬೇಕು. ಪುಟ್ಟ ಮಕ್ಕಳಿಗೆ ಕುದಿನೀರಿನ ಪಾತ್ರೆಯ ಮೇಲೆ ಹಬೆ ಹಿಡಿಸಿ ಸುಟ್ಟುಕೊಂಡ ಪ್ರಸಂಗಗಳನ್ನು ನಾವು ಕಂಡಿದ್ದೇವೆ.

ಶ್ರವಣ ಪರೀಕ್ಷೆಗೆ ಹೋಗುವಾಗ ಗಡಿನಾಡಿನವರು ನೆನಪಿಡಬೇಕಾದದ್ದು ಇನ್ನೊಂದು. ಯಂತ್ರದ ನಾದವನ್ನು ಕೇಳಿಸುವ ಪರೀಕ್ಷೆಗೆ ಭಾಷೆಯಿಲ್ಲ, ಆದರೆ ಪದಗಳನ್ನು ಹೇಳಿಸಿ ನೋಡುವ ಪರೀಕ್ಷೆಗೆ ಭಾಷೆಯಿದೆ. ಕನ್ನಡದ ಮಗುವಿಗೆ ಅನ್ಯಭಾಷೆಯ ಪದಗಳನ್ನು ಕೊಟ್ಟರೆ ತಪ್ಪು ಕಿವಿಯದೋ ಭಾಷೆಯದೋ ಎಂದು ತಿಳಿಯುವುದು ಕಷ್ಟ, ೨೦೦೪ರಲ್ಲಿ ನಾವು ಮಾಡಿದ ತಪ್ಪೇ ಅಲ್ಲಿಯೂ ಆದೀತು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡ ಪದಗಳ ಪಟ್ಟಿಗಳು ಸಿದ್ಧವಾಗಿವೆ. ಮಗುವಿನ ಮನೆಮಾತು ಯಾವುದು, ಶಾಲೆಯ ಭಾಷೆ ಯಾವುದು ಎಂಬುದನ್ನು ಪರೀಕ್ಷಕರಿಗೆ ಮೊದಲೇ ಹೇಳಿಬಿಡಬೇಕು.

ನಮ್ಮ ಶಾಲೆಯಲ್ಲಿ ಈಗ ಜುಲೈ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಒಂದೊಂದು ದಿನ ಪಿಸುಮಾತಿನ ಆಟವೆಂಬುದಿದೆ. ಮಗುವಿನ ಬೆನ್ನ ಹಿಂದೆ ಒಂದು ತೋಳಿನ ದೂರದಲ್ಲಿ ನಿಂತು, ಒಂದು ಕಿವಿಯನ್ನು ಅವರೇ ಬೆರಳಿನಿಂದ ಒತ್ತಿ ಉಜ್ಜುತ್ತಿರುವಂತೆ ಹೇಳಿ, ಉಸಿರು ಪೂರ್ತಿ ಬಿಟ್ಟ ಮೇಲೆ ಪಿಸುದನಿಯಲ್ಲಿ ಮೂರು ಅಂಕೆಗಳನ್ನು ಹೇಳುತ್ತೇವೆ. ತುಳುವರಿಗೆ ತುಳುವಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ. ಮಕ್ಕಳಿಗೆ ಇದು ಗುಟ್ಟಿನ ಆಟ. ಕಳೆದ ಮಳೆಗಾಲದಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬಲಗಡೆಯಿಂದ ಹೇಳಿದ್ದನ್ನೆಲ್ಲ ಥಟ್ಟನೆ ಹೇಳಿ, ಎಡಗಡೆಗೆ ಬಂದಾಗ ನಗುತ್ತ ಸುಮ್ಮನೆ ನಿಂತಳು. ಮೂರು ಬಾರಿ ಹೇಳಿದೆವು. ನಾಲ್ಕನೆಯ ಬಾರಿಗೆ ತ��ರುಗಿ ನಮ್ಮ ತುಟಿ ನೋಡಿ ಸರಿಯಾಗಿ ಹೇಳಿದಳು. ಸಂಜೆ ಬಿಡುವ ಗಂಟೆಗೆ ಮುಂಚೆಯೇ ಅವಳ ತಾಯಿಗೆ ಹೇಳಿ ಕಳುಹಿಸಿದೆವು.